ಹೆಬ್ಬೆಟ್ಟು ಒತ್ತದ ಕಾಗದ

ಸುಲೈಬಿಯಾ, ಕುವೈತ್
15 ನವೆಂಬರ್ 2024, ಶುಕ್ರವಾರ

ನತಾಲ ಮಾವ್ಶಿಗೆ ರೆಮೆತಿಯ ನಮಸ್ಕಾರ.

ಸುಖವಾಗಿ ಬಂದು ಮುಟ್ಟಿದೆ. ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ, ತಲೆಗೆ ಎಣ್ಣೆ ಹಚ್ಚುತ್ತಿದ್ದೇನೆ. ನೀನು ಕೇಳುವ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಆಯಿತು.

ಫೋನು ಮಾಡಬಹುದಿತ್ತು. ಆದರೆ ಮತ್ತಿಕೊಪ್ಪದಲ್ಲಿ ಟವರ್ ಸಿಗಬೇಕಾದರೆ ನೀನು ಮಂಡಿನೋವು ಹೊತ್ತುಕೊಂಡು ಗುಡ್ಡ ಹತ್ತಬೇಕು. ಮೇಲಾಗಿ ‘ಮಾತು ಗಾಳಿಗೆ ಹೋಗುತ್ತದೆ, ಮುಖ್ಯವಾದದ್ದನ್ನು ಬರೆದು ಕಳಿಸು’ ಎಂಬ ನಿನ್ನ ಶಾಸನ ಬೇರೆ. ನಮ್ಮ ಬಿಲ್ಡಿಂಗಿನ ಕೆಳಗೆ ಅಂಗಡಿ ಇಟ್ಟಿರುವ ಇಬ್ರಾಹಿಂ ಖಲೀಲ್ ಉಪ್ಪಿನಂಗಡಿಯವರು. ಅವರ ಕಡೆಯವರು ತಿಂಗಳಿಗೊಬ್ಬರಾದರೂ ಊರಿಗೆ ಹೋಗುತ್ತಾರೆ, ಅಲ್ಲಿ ಅಂಚೆಗೆ ಹಾಕುತ್ತಾರೆ. ನಿನ್ನ ಉತ್ತರವನ್ನು ಅವರ ಮನೆ ವಿಳಾಸಕ್ಕೇ ಕಳಿಸು. ‘ಕಾಗದಕ್ಕೆ ಎಂತ ಭಾರ ಉಂಟು ಅಕ್ಕ, ಎಷ್ಟು ಬೇಕಾದ್ರೂ ಬರೀರಿ’ ಎಂದಿದ್ದಾರೆ.

ಈಗ ದೊಡ್ಡ ಸುದ್ದಿ ಕೇಳು. ಇಲ್ಲಿ ನಮ್ಮವರಿದ್ದಾರೆ! ವಿಮಾನ ಇಳಿದು ಬೆರಳು ಒತ್ತುವ ಸಾಲಿನಲ್ಲಿ ನಿಂತಿದ್ದೆ. ಎಳೆಯ ಪೋಲೀಸನೊಬ್ಬ ಕುರ್ಚಿಯಲ್ಲಿ ಕೂತ ಸಾಹೇಬನಿಗೆ ಮಾತುಮಾತಿಗೂ ‘ಸಿದ್ದಿ, ಸಿದ್ದಿ’ ಅನ್ನುತ್ತಿದ್ದ. ನಾನು ಆ ಸಾಹೇಬನನ್ನೇ ನೋಡಿದೆ. ಬಿಳಿ ಮೈ, ಉದ್ದ ಮೂಗು, ನೇರ ಕೂದಲು. ಇವನೆಂಥ ಸಿದ್ದಿ ಎಂದುಕೊಂಡೆ. ಆದರೂ ಜಾತಿಯವನು ಜಾತಿಯವನೇ. ನನ್ನ ಸರದಿ ಬಂದಾಗ ಪಾಸ್‌ಪೋರ್ಟಿನಲ್ಲಿ ಹೆಸರು ತೋರಿಸಿ, ಎದೆ ಮುಟ್ಟಿಕೊಂಡು, ‘ನಾನೂ ಸಿದ್ದಿ’ ಅಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಸಾಹೇಬ ಎದ್ದು ನನಗೆ ಸೆಲ್ಯೂಟ್ ಹೊಡೆದ! ಹಳಿಯಾಳದ ಠಾಣೆಯಲ್ಲಿ ನಮಗೆ ಕೂರಲು ಬೆಂಚು ಕೊಡುವುದಿಲ್ಲ.

ಕೆಲಸ ಒಂದು ಶಾಲೆಯಲ್ಲಿ. ಕ್ಲೀನಿಂಗ್ ಕಂಪನಿಯ ಬಸ್ಸು ಬೆಳಿಗ್ಗೆ ಐದಕ್ಕೆ ಬರುತ್ತದೆ. ಬಿಲ್ಡಿಂಗಿನಲ್ಲಿ ಇಂಡಿಯಾದ ಹೆಂಗಸರಿಗೆ ಎರಡನೇ ಮಹಡಿ, ಆಫ್ರಿಕಾದವರಿಗೆ ನಾಲ್ಕನೆಯದು. ನನ್ನ ಮುಖ ನೋಡಿದವರೇ ನಾಲ್ಕಕ್ಕೆ ಹತ್ತಿಸಿದರು. ಮರುದಿನ ಸೂಪರ್‌ವೈಸರ್ ರೋಶನ್‌ನನ್ನು ಹಿಡಿದು (ಮುಲ್ಕಿ ಕಡೆಯವನು, ಕನ್ನಡ ಬರುತ್ತದೆ) ಪಾಸ್‌ಪೋರ್ಟ್ ಮುಖಕ್ಕೆ ಹಿಡಿದು, ‘ನಾನು ಅವರಲ್ಲ’ ಎಂದು ಗಟ್ಟಿಯಾಗಿ ಹೇಳಿದೆ. ಈಗ ಎರಡನೇ ಮಹಡಿಯಲ್ಲಿದ್ದೇನೆ. ನೀನೇ ಹೇಳುತ್ತೀಯಲ್ಲ, ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಅಂತ.

ನಿನ್ನ
ರೆಮೆತಿ


ಮತ್ತಿಕೊಪ್ಪ, ಹಳಿಯಾಳ ತಾಲೂಕು
22 ಡಿಸೆಂಬರ್ 2024

ಮಗಳೇ ರೆಮೆತಿ,

ಕಾಗದ ಬಂತು. ಬುಧವಾರದ ಸಂಘದ ಸಭೆಯಲ್ಲಿ ಓದಿದೆ. ಕುವೈತಿನಲ್ಲಿ ಸಿದ್ದಿ ಸಾಹೇಬರಿದ್ದಾರೆ ಎಂದಾಗ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಪೋಲೀಸ್ ಪರೀಕ್ಷೆಯಲ್ಲಿ ಎರಡು ಸಲ ಸೋತ ಪಾಸ್ಕು, ‘ಮಾವ್ಶಿ, ಆ ಸಾಹೇಬ್ರ ಅಡ್ರೆಸ್ ತರಸ್ರಿ’ ಎಂದು ನನ್ನ ಬೆನ್ನು ಹತ್ತಿದ್ದಾನೆ. ವಿಚಾರಿಸಿ ತಿಳಿಸು.

ಕಾಗದದ ಕೊನೆಯ ಪ್ಯಾರವನ್ನು ಮಾತ್ರ ಸಭೆಯಲ್ಲಿ ಓದಲಿಲ್ಲ. ನನಗೆ ನಾಚಿಕೆಯಾಯಿತು. ‘ನಾನು ಅವರಲ್ಲ’ ಎಂದೆಯಾ? ಬಸ್ಸಿನಲ್ಲಿ ನಿನ್ನ ಪಕ್ಕದ ಸೀಟು ಖಾಲಿ ಇದ್ದರೂ ಧಾರವಾಡದ ತನಕ ನಿಂತೇ ಬಂದ ಜನವನ್ನು ಮರೆತೆಯಾ? ಕಾಲೇಜಿನಲ್ಲಿ ‘ನಿಮ್ಮದು ಯಾವ ದೇಶ’ ಎಂದು ಕೇಳಿದರೆಂದು ಅತ್ತುಕೊಂಡು ಬಂದವಳು ನೀನು. ನಿನ್ನ ಕೂದಲು, ನಿನ್ನ ಮೂಗು ಎಲ್ಲಿಂದ ಬಂತು? ಆಫ್ರಿಕಾದ ದಡದಲ್ಲಿ ಯಾರೋ ನಮ್ಮ ಮುತ್ತಜ್ಜಿಯನ್ನು ಹಡಗಿಗೆ ಹತ್ತಿಸಿದರು, ಆ ಹೆಂಗಸರ ಮುತ್ತಜ್ಜಿ ದಡದಲ್ಲೇ ಉಳಿದಳು. ಇಷ್ಟೇ ವ್ಯತ್ಯಾಸ. ನಾಲ್ಕನೇ ಮಹಡಿ ಹತ್ತು. ಬರಿಗೈಯಲ್ಲಿ ಹೋಗಬೇಡ, ಏನಾದರೂ ತಿನ್ನಲು ಮಾಡಿಕೊಂಡು ಹೋಗು.

ಸಂಘದ ಮನೆಗೆ ಸುಣ್ಣ ಹೊಡೆಸಿದೆವು. ‘ಓದದೆ ಹೆಬ್ಬೆಟ್ಟು ಒತ್ತಬೇಡ’ ಎಂಬ ಗೋಡೆಬರಹ ಸುಣ್ಣದಲ್ಲಿ ಮುಚ್ಚಿಹೋಯಿತು. ನಾನೇ ಏಣಿ ಹತ್ತಿ ಮತ್ತೆ ಬರೆದೆ. ಮೂವತ್ತು ದಾಟಿದ ಮೇಲೆ ಅಕ್ಷರ ಕಲಿತವಳು, ‘ಹೆ’ ಈಗಲೂ ಸೊಟ್ಟಗೇ ಬರುತ್ತದೆ.

ನಿನ್ನ ಮಾವ್ಶಿ
ನತಾಲಿನ್ ಸಿದ್ದಿ


ಸುಲೈಬಿಯಾ
14 ಫೆಬ್ರವರಿ 2025, ಶುಕ್ರವಾರ

ಮಾವ್ಶಿ,

ಮೊದಲು ಪಾಸ್ಕುವಿಗೆ ಹೇಳು, ಓಡುವ ಅಭ್ಯಾಸ ಮುಂದುವರಿಸಲಿ, ಕುವೈತಿನ ಆಸೆ ಬಿಡಲಿ. ಇಲ್ಲಿ ಸಿದ್ದಿ ಸಾಹೇಬರಿಲ್ಲ. ನಾನು ಕತ್ತೆ.

ನಿನ್ನ ಬೈಗುಳ ಓದಿ ಎರಡು ದಿನ ಮುನಿಸಿಕೊಂಡಿದ್ದೆ. ಮೂರನೇ ದಿನ ರೊಟ್ಟಿ, ಒಣಮೀನಿನ ಚಟ್ನಿ ಮಾಡಿಕೊಂಡು ನಾಲ್ಕನೇ ಮಹಡಿಗೆ ಹೋದೆ. ಅಲ್ಲಿನ ಯಜಮಾನಿ ಅಕಿನ್ಯಿ, ಕೆನ್ಯಾದವಳು. ಊರಿನಲ್ಲಿ ಆಸ್ಪತ್ರೆಯ ಆಯಾ ಆಗಿದ್ದಳಂತೆ. ಇಲ್ಲಿಗೆ ಬಂದು ಹನ್ನೊಂದು ವರ್ಷ. ಬಾಗಿಲು ತೆಗೆದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಲ್ಲಿ ಎಲ್ಲರೂ ಆಡುವ ಕಲಬೆರಕೆ ಭಾಷೆಯಲ್ಲಿ, ‘ಓಹೋ, ಇಂಡಿಯಾ ಮದಾಮ್! ರಾಸ್ತಾ ಭೂಲ್ ಗಯಾ?’ ಎಂದಳು. ತಪ್ಪಾಯಿತು ಅಂದೆ. ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ‘ಖಲಾಸ್, ಕೂತ್ಕೋ’ ಅಂದಳು. ಅಷ್ಟಕ್ಕೇ ಮುಗಿಸಿದಳು.

ಶುಕ್ರವಾರ ರಜೆ. ಮಧ್ಯಾಹ್ನದ ಮೇಲೆ ಅವರೆಲ್ಲ ತಾರಸಿಯಲ್ಲಿ ಕೂರುತ್ತಾರೆ. ಕೆನ್ಯಾ, ಉಗಾಂಡಾ, ಇಥಿಯೋಪಿಯಾದವರು, ಹದಿನೈದು ಹದಿನಾರು ಜನ. ಅಕಿನ್ಯಿಯ ನಿಯಮ ಒಂದೇ. ಕೂತವರು ಮೊದಲು ತಮ್ಮ ಪೂರ್ತಿ ಹೆಸರು, ತಾಯಿಯ ಹೆಸರು, ಊರಿನ ಹೆಸರು ಗಟ್ಟಿಯಾಗಿ ಹೇಳಬೇಕು. ವಾರವಿಡೀ ನಮ್ಮನ್ನು ‘ಯಾ ಬಿಂತ್’, ಎಲೇ ಹುಡುಗಿ, ಎಂದೇ ಕರೆಯುತ್ತಾರಲ್ಲ, ಅದಕ್ಕೆ. ಉಳಿದದ್ದು ಹೇಳಿದರೆ ಹೇಳಬಹುದು, ಇಲ್ಲದಿದ್ದರೆ ಚಹಾ ಕುಡಿದು ಏಳಬಹುದು. ಯಾರೂ ಕೆದಕುವಂತಿಲ್ಲ. ಹಿರುತ್ ಎಂಬವಳು ಮನೆಗೆಲಸಕ್ಕಿದ್ದ ಮನೆಯಲ್ಲಿ ಏನನ್ನು ಅನುಭವಿಸಿದಳೋ, ಎರಡು ತಿಂಗಳಿಂದ ಬಾಯಿ ಬಿಟ್ಟಿರಲಿಲ್ಲ. ಪ್ರತಿ ಶುಕ್ರವಾರ ಅವಳ ಸರದಿ ಬಂದಾಗ ಎಲ್ಲರೂ ಸುಮ್ಮನೆ ಕಾಯುತ್ತಿದ್ದರು, ಆಮೇಲೆ ಮುಂದಿನವಳಿಗೆ ಹೋಗುತ್ತಿದ್ದರು. ಹೋದ ವಾರ ಅವಳು ತನ್ನ ಹೆಸರು ಹೇಳಿದಳು. ಬರೀ ಹೆಸರು. ಉಗಾಂಡಾದ ನಮುಸೋಕೆ ಬಕೆಟ್ ಬಡಿದು ಹಾಡು ಶುರು ಮಾಡಿದಳು ನೋಡು, ಕೆಳಗಿನಿಂದ ಖಲೀಲ್ ಭಾಯಿ ಓಡಿಬಂದರು, ಏನೋ ಅನಾಹುತವಾಯಿತೆಂದು.

ನನ್ನ ಸರದಿಯಲ್ಲಿ ನಾನು ‘ರೆಮೆತಿ ಸಿದ್ದಿ’ ಎಂದೆ, ವಿಮಾನ ನಿಲ್ದಾಣದ ಕಥೆಯನ್ನೂ ಹೇಳಿದೆ. ಅಕಿನ್ಯಿಯ ಕೈಯ ಚಹಾ ಚೆಲ್ಲಿತು. ‘ಅರೇ ಪಾಗಲ್! ಸೀದಿ ಮೀನ್ಸ್ ಮೈ ಲಾರ್ಡ್! ಬಡಾ ಸಾಬ್!’ ಅರಬಿಯಲ್ಲಿ ಸೀದಿ ಅಂದರೆ ‘ನನ್ನ ಒಡೆಯ’ ಅಂತೆ ಮಾವ್ಶಿ. ಪೋಲೀಸರು ಮೇಲಿನವರನ್ನು ಕರೆಯುವುದೇ ಹಾಗಂತೆ. ಅಂದರೆ ನಾನು ಆ ಸಾಹೇಬನ ಎದುರು ಎದೆ ತಟ್ಟಿಕೊಂಡು ‘ನಾನೂ ಒಡೆಯಳು’ ಎಂದಿದ್ದೇನೆ! ಇವರೆಲ್ಲ ಈಗ ನನ್ನನ್ನು ಸೀದಿ ಎಂದೇ ಕರೆಯುತ್ತಾರೆ, ಎದ್ದು ಸೆಲ್ಯೂಟ್ ಬೇರೆ.

ಅವರಿಗೆ ಕೌದಿ ಹೊಲಿಯುವುದನ್ನು ಕಲಿಸುತ್ತಿದ್ದೇನೆ. ಹರಿದ ಹಳೆಯ ಯೂನಿಫಾರ್ಮ್ ಬಟ್ಟೆ ರಾಶಿ ಬಿದ್ದಿದೆ. ನಮುಸೋಕೆಯ ಹೊಲಿಗೆ ನನಗಿಂತ ಚುರುಕು. ನಾನು ನಾಲ್ಕನೇ ಮಹಡಿಗೇ ಹಾಸಿಗೆ ಒಯ್ದಿದ್ದೇನೆ.

ರೆಮೆತಿ


ಮತ್ತಿಕೊಪ್ಪ
16 ಮಾರ್ಚ್ 2025

ಒಡೆಯಳಾದ ರೆಮೆತಿಗೆ,

ನಕ್ಕು ನಕ್ಕು ನನಗೆ ಕೆಮ್ಮು ಬಂತು. ನಮ್ಮಜ್ಜ ಜೀವಮಾನವಿಡೀ ತೋಟದವರ ಅಂಗಳದಾಚೆ ನಿಂತು ‘ಒಡೆಯಾ, ಒಡೆಯಾ’ ಎಂದು ಕೂಗಿ ಗಂಜಿ ಬೇಡಿದ. ಅವನನ್ನು ಅವರು ‘ಏ ಸಿದ್ದಿ’ ಎನ್ನುತ್ತಿದ್ದರು. ಯಾರು ಯಾರನ್ನು ಒಡೆಯ ಎಂದು ಕರೆದಂತಾಯಿತು ಹಾಗಾದರೆ? ಸಭೆಯಲ್ಲಿ ಇದನ್ನು ಹೇಳಿದಾಗ ಮುದುಕಿಯರು ಕೂಡ ಸೆರಗು ಬಾಯಿಗೆ ಹಿಡಿದು ನಕ್ಕರು. ಪಾಸ್ಕು ಮಾತ್ರ ನನ್ನೊಡನೆ ಮಾತು ಬಿಟ್ಟಿದ್ದಾನೆ.

ಅಕಿನ್ಯಿ ಎಂಬವಳಿಗೆ ನನ್ನ ನಮಸ್ಕಾರ ಹೇಳು. ಸಂಘ ಕಟ್ಟುವುದನ್ನು ಅವಳಿಗೆ ಯಾರೂ ಕಲಿಸಬೇಕಿಲ್ಲ. ಕೆದಕಬಾರದು ಎಂಬುದನ್ನು ತಿಳಿಯಲು ನನಗೆ ಆರು ವರ್ಷ ಬೇಕಾಯಿತು. ಮೊದಮೊದಲು ಗಂಡನ ಪೆಟ್ಟು ತಿಂದು ಬಂದವರನ್ನೆಲ್ಲ ಪೋಲೀಸರ ಹಾಗೆ ವಿಚಾರಣೆ ಮಾಡುತ್ತಿದ್ದೆ. ಒಬ್ಬೊಬ್ಬರೇ ಬರುವುದನ್ನು ಬಿಟ್ಟರು.

ಕೌದಿಯ ಮೂಲೆಗಳಿಗೆ ಹೂವಿನ ಮಡಿಕೆ ಇಡಲು ಮರೆಯಬೇಡ, ಮೂಲೆ ಬರಿದಾದ ಕೌದಿ ಬತ್ತಲೆ. ಆ ಹಾಡುವ ಹೆಂಗಸಿನ ಹೊಲಿಗೆ ಅಷ್ಟು ಚುರುಕಾಗಿದ್ದರೆ ಮೂಲೆಗಳನ್ನು ಅವಳಿಗೇ ಕೊಡು.

ನಿನ್ನ ಮಾವ್ಶಿ
ನತಾಲಿನ್


ಸುಲೈಬಿಯಾ
2 ಮೇ 2025, ಶುಕ್ರವಾರ

ಮಾವ್ಶಿ,

ಇದನ್ನು ಸಭೆಯಲ್ಲಿ ಓದಬೇಡ.

ನಮುಸೋಕೆಯ ಬಲಗೈ ಸುಟ್ಟಿದೆ. ಮೂರು ವಾರದ ಹಿಂದೆ ಶಾಲೆಯ ಪಾಯಿಖಾನೆಯ ಮೋರಿ ಕಟ್ಟಿತ್ತು. ಸ್ಟೋರಿನವನು ದೊಡ್ಡ ಡ್ರಮ್ಮಿನ ಆಸಿಡ್ ಅನ್ನು ಕುಡಿಯುವ ನೀರಿನ ಬಾಟಲಿಗಳಿಗೆ ಹಾಕಿ ಹಂಚುತ್ತಾನೆ, ಚೀಟಿ ಇಲ್ಲ, ಗುರುತಿಲ್ಲ. ಗ್ಲೌಸ್ ಮುಗಿದು ತಿಂಗಳಾಗಿತ್ತು. ರೋಶನ್‌ಗೆ ನಾನೇ ಎರಡು ಸಲ ಹೇಳಿದ್ದೆ. ‘ಬರ್ತದೆ, ಬರ್ತದೆ’ ಅಂದಿದ್ದ. ಅವಳು ಸುರಿದಳು, ಅದು ಸಿಡಿದು ಮೇಲಕ್ಕೆ ಬಂತು. ನಾನು ಪಕ್ಕದ ಬಾಗಿಲಲ್ಲಿದ್ದೆ. ನಲ್ಲಿಯ ಕೆಳಗೆ ಅವಳ ಕೈ ಹಿಡಿದವಳು ನಾನು. ಮಣಿಕಟ್ಟಿನ ತನಕ ಚರ್ಮ ಹೋಗಿದೆ. ಎರಡು ಬೆರಳು ಮಡಚಲು ಬರುತ್ತಿಲ್ಲ.

ಈಗ ಕಂಪನಿ ಒಂದು ಕಾಗದ ಮಾಡಿದೆ. ಅರಬಿಯಲ್ಲಿದೆ. ನಮುಸೋಕೆ ಹೇಳದೆ ಕೇಳದೆ ಸ್ಟೋರಿಗೆ ನುಗ್ಗಿ ಡ್ರಮ್ಮಿನಿಂದ ತಾನೇ ತೆಗೆದುಕೊಂಡಳು, ನಾವೆಲ್ಲ ನೋಡಿದೆವು ಎಂದು ಬರೆದಿದೆಯಂತೆ, ಓದಿ ಹೇಳಿದ್ದು ಅಕಿನ್ಯಿ. ಶಾಲೆಯಲ್ಲಿ ಕೆಲಸ ಮಾಡುವ ಹತ್ತೊಂಬತ್ತು ಹೆಂಗಸರ ಹೆಸರು ಟೈಪು ಮಾಡಿ ಮುಂದೆ ಒಂದೊಂದು ಚೌಕ ಬಿಟ್ಟಿದ್ದಾರೆ. ಸಹಿ, ಇಲ್ಲದಿದ್ದರೆ ಬಸ್ಮಾ. ಬಸ್ಮಾ ಅಂದರೆ ಇಲ್ಲಿ ಹೆಬ್ಬೆಟ್ಟು. ಅದು ಆದರೆ ಅವಳಿಗೆ ಪರಿಹಾರವಿಲ್ಲ, ಔಷಧವೂ ಇಲ್ಲ, ವಿಮಾನ ಹತ್ತಿಸುತ್ತಾರೆ.

ರೋಶನ್ ನನ್ನನ್ನು ಬೇರೆಯೇ ಕರೆದ. ‘ನೋಡಿ ರೆಮೆತಿ, ನೀವು ನಮ್ಮ ಊರಿನವರು. ಆ ಆಫ್ರಿಕಾದವರ ರಗಳೆಗೆ ನೀವು ಎಂತಕ್ಕೆ ಬೀಳುದು? ನೀವು ಓದಿದವರು, ನೀವು ಮೊದಲು ಸೈನ್ ಹಾಕಿದ್ರೆ ಉಳಿದವರು ಹಾಕ್ತಾರೆ. ಅಹ್ಮದಿಯಲ್ಲಿ ಆಫೀಸಲ್ಲಿ ಚಾ ಕೊಡುವ ಡ್ಯೂಟಿ ಉಂಟು. ಎಸಿ. ಬಕೆಟ್ ಹಿಡಿಯುದೇ ಬೇಡ.’ ಹಳಿಯಾಳದಿಂದ ಮಂಗಳೂರಿನ ತನಕ ಈ ಮೂವತ್ತು ವರ್ಷದಲ್ಲಿ ಯಾರೂ ನನ್ನನ್ನು ‘ನಮ್ಮ ಊರಿನವಳು’ ಅಂದಿರಲಿಲ್ಲ ಮಾವ್ಶಿ. ಅದನ್ನು ಕೇಳಲು ಒಂದು ಸುಳ್ಳು ಕಾಗದ ಬೇಕಾಯಿತು.

ಜೂನ್ 26ರ ತನಕ ಗಡುವು. ಹಾಕದವರ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ನವೀಕರಿಸುವುದಿಲ್ಲ ಎಂದು ಗುಲ್ಲು ಎಬ್ಬಿಸಿದ್ದಾರೆ. ನನ್ನದು ಆಗಸ್ಟಿಗೆ ಮುಗಿಯುತ್ತದೆ. ನನಗೆ ಭಯವಾಗಿದೆ, ಸುಳ್ಳು ಯಾಕೆ ಹೇಳಲಿ. ನೀನು ಏನು ಬರೆಯುತ್ತೀಯೆಂದು ಗೊತ್ತು, ಗೋಡೆಯ ಮೇಲೆ ಬರೆದವಳು ನೀನೇ. ಆದರೂ ನಿನ್ನ ಕೈಯಲ್ಲಿ ಬರೆದದ್ದನ್ನು ಓದಿದರೆ ಧೈರ್ಯ ಬರುತ್ತದೆ. ಬೇಗ ಬರೆ.

ರೆಮೆತಿ


ಮತ್ತಿಕೊಪ್ಪ
21 ಮೇ 2025

ರೆಮೆತಿ,

ಸಹಿ ಹಾಕು. ತಡ ಮಾಡಬೇಡ. ಅಹ್ಮದಿಯ ಕೆಲಸ ತೆಗೆದುಕೋ.

ಪರದೇಶ ಅದು. ಆ ಹೆಂಗಸಿಗೆ ಅವಳ ದೇಶದವರಿದ್ದಾರೆ. ಬಿಸಿಲಿನಲ್ಲಿ ತಿರುಗಬೇಡ, ನೀರು ಕುಡಿ. ಈ ವಿಷಯ ಇನ್ನು ಬರೆಯಬೇಡ.

ನತಾಲಿನ್


ಸುಲೈಬಿಯಾ
13 ಜೂನ್ 2025, ಶುಕ್ರವಾರ

ಮಾವ್ಶಿಗೆ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಓದಲು ಐದು ಸಾಲೂ ಇಲ್ಲ. ಅಕ್ಷರ ನಿನ್ನದೇ. ‘ಹೆ’ ಸೊಟ್ಟಗಿದೆ. ಮಾತು ಯಾರದು?

ಅರಣ್ಯ ಕಚೇರಿಯ ಎದುರು ಮೂರು ದಿನ ಅನ್ನ ಮುಟ್ಟದೆ ಕೂತವಳು ನೀನು. ತಹಸೀಲ್ದಾರನ ಕೈಯಿಂದ ಪೆನ್ನು ಕಸಿದು, ‘ಮೊದಲು ಓದಿ ಹೇಳ್ರಿ’ ಎಂದವಳು. ಊರಿನ ಹೆಂಗಸರಿಗೆಲ್ಲ ಒಂದು ನ್ಯಾಯ, ನಿನ್ನ ಮನೆಯ ಹುಡುಗಿಗೆ ಇನ್ನೊಂದೋ? ‘ಅವಳ ದೇಶದವರಿದ್ದಾರೆ’ ಎಂದೆಯಲ್ಲ, ಡಿಸೆಂಬರಿನಲ್ಲಿ ನನಗೆ ಮುತ್ತಜ್ಜಿಯ ಹಡಗಿನ ಕಥೆ ಹೇಳಿ ಬೈದವಳು ಬೇರೆ ಯಾರೋ? ಆ ಬೈಗುಳದಿಂದ ನಾನು ಮೇಲೆ ಹತ್ತಿದೆ. ಈಗ ಇಳಿ ಅನ್ನುತ್ತೀಯ. ಇಳಿಯುವುದಿಲ್ಲ.

ಇಲ್ಲಿಯ ಸಂಗತಿ ಕೇಳು. ತಾರಸಿಗೆ ಬೀಗ ಹಾಕಿದ್ದಾರೆ. ಹಳೆಯ ಯೂನಿಫಾರ್ಮ್ ಕಂಪನಿಯ ಸ್ವತ್ತು, ಕತ್ತರಿಸಿದ್ದು ಕಳ್ಳತನ ಎಂದು ಕೌದಿಯನ್ನೂ ಎತ್ತಿಕೊಂಡು ಹೋದರು. ಅಕಿನ್ಯಿ ಬೀಗ ನೋಡಿದಳು, ಮೆಟ್ಟಿಲ ಮೇಲೆ ಕೂತಳು, ‘ಯಲ್ಲಾ, ಹೆಸರು ಹೇಳಿ’ ಎಂದಳು. ಈಗ ಮೆಟ್ಟಿಲ ಮೇಲೆಯೇ ನಮ್ಮ ಶುಕ್ರವಾರ. ಎರಡನೇ ಮಹಡಿಯ ತೆಲುಗಿನವರು ಮೂವರು ಬಂದು ಸೇರಿದ್ದಾರೆ. ಕೈಗೆ ಬಟ್ಟೆ ಸುತ್ತಿಕೊಂಡ ನಮುಸೋಕೆ ಹಾಡಲು ನೋಡುತ್ತಾಳೆ, ನೋವಿಗೆ ನಡುವೆ ನಿಲ್ಲಿಸುತ್ತಾಳೆ, ಹಿರುತ್ ಆ ಹಾಡನ್ನು ಮುಗಿಸುತ್ತಾಳೆ. ಮಾತು ಸತ್ತಿದ್ದ ಹಿರುತ್!

ನನ್ನನ್ನು ಹೆತ್ತ ಆಯಿ, ನಿನ್ನ ಒಡಹುಟ್ಟಿದವಳು, ಮರದ ಡಿಪೋದಲ್ಲಿ ಸೌದೆ ಆರಿಸಲು ಹೋಗಿ ದಿಮ್ಮಿಯ ಕೆಳಗೆ ಸಿಕ್ಕಳು, ಯಾರದೂ ತಪ್ಪಿಲ್ಲ ಎಂದು ನೀನು ಹೇಳಿ ಬೆಳೆಸಿದೆ. ಅವಳ ಎದುರು ಯಾರೂ ಕಾಗದ ಹಿಡಿಯಲಿಲ್ಲ, ಅವಳಿಗೆ ಬೇಡ ಅನ್ನುವ ಅವಕಾಶವೇ ಬರಲಿಲ್ಲ. ನನಗೆ ಬಂದಿದೆ. ನಾನು ಬೇಡ ಅನ್ನುತ್ತೇನೆ. ನೀನು ಹೆದರಿಕೊಂಡು ಮನೆಯಲ್ಲಿ ಕೂರು.

ರೆಮೆತಿ


ಮತ್ತಿಕೊಪ್ಪ
27 ಜೂನ್ 2025

ಮಗಳೇ,

ನಿನ್ನ ಗಡುವು ನಿನ್ನೆಗೆ ಮುಗಿಯಿತು. ಏನು ಮಾಡಿದೆಯೋ ನನಗೆ ಗೊತ್ತಿಲ್ಲ. ಇದು ನಿನ್ನನ್ನು ತಡೆಯಲು ಬರೆಯುವ ಕಾಗದವಲ್ಲ.

ನಿನ್ನ ಆಯಿಯ ಎದುರು ಕಾಗದ ಹಿಡಿದಿದ್ದರು.

ಅವಳು ಸೌದೆಗೆ ಹೋಗಿರಲಿಲ್ಲ. ನಾವಿಬ್ಬರೂ ಡಿಪೋದಲ್ಲಿ ಕೂಲಿಗೆ ದಿಮ್ಮಿ ಹೇರುತ್ತಿದ್ದೆವು. ರಿಜಿಸ್ಟರಿನಲ್ಲಿ ಹೆಸರಿರಲಿಲ್ಲ, ಹೆಂಗಸರ ಹೆಸರು ಬರೆಯುತ್ತಲೇ ಇರಲಿಲ್ಲ. ಸರಪಳಿ ಜಾರಿ ದಿಮ್ಮಿ ಅವಳ ಸೊಂಟದ ಮೇಲೆ ಬಂತು. ಎಚ್ಚರವಿತ್ತು, ಮಾತಾಡುತ್ತಿದ್ದಳು. ಹಳಿಯಾಳದ ಆಸ್ಪತ್ರೆ ಹದಿನೆಂಟು ಕಿಲೋಮೀಟರ್. ಅಲ್ಲಿದ್ದದ್ದು ಗುತ್ತಿಗೆದಾರನ ಲಾರಿ ಒಂದೇ. ಅವನು ಮೇಜಿನಿಂದ ಒಂದು ಹಾಳೆ ತಂದ. ಅದರಲ್ಲಿ, ಇವಳು ಕೂಲಿಯವಳಲ್ಲ, ಸೌದೆ ಕದಿಯಲು ಬಂದು ತಾನೇ ಬಿದ್ದಳು ಎಂದು ಬರೆದಿತ್ತೆಂದು ನನಗೆ ಗೊತ್ತಾದದ್ದು ಅಕ್ಷರ ಕಲಿತು ಅದರ ನಕಲು ಓದಿದ ಮೇಲೆ. ‘ಹೆಬ್ಬೆಟ್ಟು ಒತ್ರಿ, ಲಾರಿ ಬಿಡ್ತೀನಿ’ ಎಂದ.

ನಾನು ಕೈ ಮುಂದೆ ಮಾಡಿದೆ. ನಿನ್ನ ಆಯಿ ನೆಲದ ಮೇಲೆ ಮಲಗಿದ್ದಲ್ಲಿಂದಲೇ ನನ್ನ ಸೀರೆ ಹಿಡಿದು ಎಳೆದಳು. ‘ಓದಲಾರದ್ದಕ್ಕ ಒತ್ತಬ್ಯಾಡ ನತಾಲ’ ಎಂದಳು. ಗೋಡೆಯ ಮೇಲಿನ ಮಾತು ನನ್ನದಲ್ಲ ರೆಮೆತಿ. ಅವಳದು. ನಾನು ಅವಳ ಮಾತು ಕೇಳಿದೆ. ಬೇಡಿಕೊಂಡೆ, ಬೈದೆ, ಅವನ ಕಾಲು ಹಿಡಿದೆ. ಒಂದು ತಾಸು ಹೋಯಿತು. ಅವಳ ತುಟಿ ಬಿಳಿಯಾಗತೊಡಗಿತು. ಆಗ ಒತ್ತಿದೆ. ಲಾರಿ ಹೊರಟಿತು. ಹಳಿಯಾಳ ಇನ್ನೂ ಐದು ಕಿಲೋಮೀಟರ್ ಇರುವಾಗ ನನ್ನ ತೊಡೆಯ ಮೇಲೆ ಹೋದಳು.

ಮೊದಲೇ ಒತ್ತಿದ್ದರೆ ಅವಳು ಉಳಿಯುತ್ತಿದ್ದಳು. ಒತ್ತದೇ ಇದ್ದಿದ್ದರೆ ಅವಳ ಮಾತಾದರೂ ಉಳಿಯುತ್ತಿತ್ತು. ನಾನು ತಡ ಮಾಡಿದೆ, ಎರಡನ್ನೂ ಕಳೆದೆ. ಇಪ್ಪತ್ನಾಲ್ಕು ವರ್ಷದಿಂದ ಊರಿನವರಿಗೆಲ್ಲ ‘ಒತ್ತಬೇಡ’ ಎಂದು ಹೇಳುತ್ತೇನೆ, ಮನೆಗೆ ಬಂದು ಮಲಗಿದರೆ ‘ಬೇಗ ಒತ್ತಬೇಕಿತ್ತು’ ಎಂದು ಹೊರಳಾಡುತ್ತೇನೆ. ನಿನಗೆ ಆಗ ಐದು ವರ್ಷ. ಆಯಿಗೆ ಏನಾಯಿತೆಂದು ನೀನು ಕೇಳಿದಾಗ ಗುತ್ತಿಗೆದಾರ ಊರಲ್ಲಿ ಹಬ್ಬಿಸಿದ್ದನ್ನೇ ಹೇಳಿದೆ, ಆ ಹಾಳೆಯಲ್ಲಿದ್ದದ್ದೂ ಅದೇ. ಸೌದೆಗೆ ಹೋದಳು, ಬಿದ್ದಳು. ಹೆಬ್ಬೆಟ್ಟು ಒತ್ತಿದ ಮೇಲೆ ಅದೇ ನನ್ನ ಬಾಯಿಗೂ ಬಂತು.

ನಿನ್ನ ಮೇ ತಿಂಗಳ ಕಾಗದ ಬಂದಾಗ ನನಗೆ ಆ ಹೆಂಗಸಿನ ಕೈ ಕಾಣಲಿಲ್ಲ. ನೀನು ನೆಲದ ಮೇಲೆ ಮಲಗಿದ್ದು ಕಂಡಿತು. ‘ತಡ ಮಾಡಬೇಡ’ ಎಂದು ಬರೆದೆ. ಹೆದರಿದ್ದು ನಿಜ.

ಇನ್ನು ನೀನು ನನ್ನನ್ನು ಮಾವ್ಶಿ ಎನ್ನುತ್ತೀಯೋ ಇಲ್ಲವೋ.

ನತಾಲಿನ್


ಸುಲೈಬಿಯಾ
1 ಆಗಸ್ಟ್ 2025, ಶುಕ್ರವಾರ

ಮಾವ್ಶಿ,

ನಿನ್ನ ಕಾಗದ ಜುಲೈ 18ಕ್ಕೆ ಬಂತು. ಎರಡು ವಾರ ನಾನು ಬರೆಯಲಿಲ್ಲ. ಮೊದಲ ವಾರ ನಿನ್ನ ಮೇಲೆ ಸಿಟ್ಟಿತ್ತು. ಇಪ್ಪತ್ನಾಲ್ಕು ವರ್ಷ ನನ್ನ ಆಯಿಯನ್ನು ಸೌದೆ ಕಳ್ಳಿ ಮಾಡಿ ಇಟ್ಟೆಯಲ್ಲ ಎಂದು ಅತ್ತೆ. ನೀನು ಎದುರಿಗಿದ್ದರೆ ಕೆಟ್ಟದಾಗಿ ಮಾತಾಡಿಬಿಡುತ್ತಿದ್ದೆ. ದೂರ ಇದ್ದದ್ದು ಒಳ್ಳೆಯದಾಯಿತು.

ಮೊದಲು ಜೂನ್ 26ರದ್ದು ಹೇಳುತ್ತೇನೆ. ಕಂಪನಿಯ ಆಫೀಸಿನಲ್ಲಿ ಮೇಜು, ಇಂಕ್ ಪ್ಯಾಡು, ಆ ಕಾಗದ. ಒಬ್ಬೊಬ್ಬರನ್ನೇ ಕರೆದರು. ರೋಶನ್ ನನ್ನ ಹೆಸರನ್ನು ಮೊದಲು ಕೂಗಿದ. ನಾನು ಚೌಕದಲ್ಲಿ ಸಹಿ ಹಾಕಲಿಲ್ಲ. ಕನ್ನಡದಲ್ಲಿ ಬರೆದೆ: ‘ಇದರಲ್ಲಿ ಬರೆದದ್ದು ಸುಳ್ಳು. ಆಸಿಡ್ ನೀರಿನ ಬಾಟಲಿಯಲ್ಲಿತ್ತು. ಗ್ಲೌಸ್ ಕೊಟ್ಟಿರಲಿಲ್ಲ. ನಾನು ಅಲ್ಲಿದ್ದೆ.’ ಅಕ್ಷರ ಚೌಕದಿಂದ ಹೊರಗೆ ಹರಿಯಿತು. ಅಕಿನ್ಯಿ ಅವಳ ಭಾಷೆಯಲ್ಲಿ ಅದನ್ನೇ ಬರೆದಳು. ಹಿರುತ್ ಇಥಿಯೋಪಿಯಾದ ಅಕ್ಷರದಲ್ಲಿ ಬರೆದಳು, ಸಣ್ಣ ಸಣ್ಣ ಕುರ್ಚಿ ಸಾಲಾಗಿ ಇಟ್ಟ ಹಾಗೆ ಕಾಣುತ್ತಿತ್ತು. ತೆಲುಗಿನವರು ತೆಲುಗಿನಲ್ಲಿ. ಮ್ಯಾನೇಜರ್ ಅದು ಸಹಿಯೆಂದೇ ತಿಳಿದು ಮೂರು ಜನರ ತನಕ ಸುಮ್ಮನಿದ್ದ! ಆಮೇಲೆ ಕೂಗಾಡಿದ, ಆದರೂ ಉಳಿದವರು ಬರೆಯುತ್ತಲೇ ಹೋದರು. ಅಲ್ಲಿದ್ದವರಲ್ಲಿ ನನ್ನ ಸಾಲು ಓದಬಲ್ಲವನು ರೋಶನ್ ಒಬ್ಬನೇ. ಅವನು ಓದಿದ. ನನ್ನ ಮುಖ ನೋಡಿದ. ಮ್ಯಾನೇಜರಿಗೆ ಏನೂ ಹೇಳದೆ ಮುಂದಿನ ಹೆಸರು ಕೂಗಿದ. ಅವನನ್ನು ಒಳ್ಳೆಯವನೆಂದು ನಾನು ಹೇಳುವುದಿಲ್ಲ, ಆದರೆ ಅಷ್ಟನ್ನು ಮಾಡಿದ.

ಹತ್ತೊಂಬತ್ತರಲ್ಲಿ ಹದಿನಾಲ್ಕು ಜನ ಬರೆದೆವು. ಐವರು ಬಸ್ಮಾ ಒತ್ತಿದರು. ಊರಿನಲ್ಲಿ ಎಳೆಮಕ್ಕಳನ್ನು ಬಿಟ್ಟು ಬಂದವರು. ಆ ಶುಕ್ರವಾರ ಅವರು ಮೆಟ್ಟಿಲ ಹತ್ತಿರ ಬರಲು ಹಿಂಜರಿದು ನಿಂತಿದ್ದರು. ಅಕಿನ್ಯಿ ಎದ್ದು ಹೋಗಿ ಐವರಿಗೂ ಚಹಾ ಕೊಟ್ಟು, ‘ಹೆಸರು ಹೇಳಿ’ ಎಂದಳು.

ಕೊನೆಯಲ್ಲಿ ಬರೆದವಳು ಮೊಬೈಲಿನಲ್ಲಿ ಕದ್ದು ತೆಗೆದ ಆ ಹಾಳೆಯ ಫೋಟೋ ಹಿಡಿದು ಲೇಬರ್ ಆಫೀಸಿಗೆ ಹೋದೆವು. ಅಲ್ಲಿನ ಹೆಂಗಸು ತಿರುಗಿಸಿ ಮುರುಗಿಸಿ ನೋಡಿ, ಇಷ್ಟೊಂದು ಭಾಷೆಯಲ್ಲಿ ಒಂದೇ ಮಾತು ಇದೆಯೇ ಎಂದು ಕೇಳಿದಳು. ಒಂದೇ ಮಾತು ಎಂದಳು ಅಕಿನ್ಯಿ. ನಮುಸೋಕೆಯ ದೂರು ದಾಖಲಾಯಿತು. ವಿಚಾರಣೆ ಸೆಪ್ಟೆಂಬರಿನಲ್ಲಿ. ಅಲ್ಲಿಯ ತನಕ ಅವಳನ್ನು ವಿಮಾನ ಹತ್ತಿಸುವಂತಿಲ್ಲ. ಗೆಲ್ಲುತ್ತೇವೋ ಗೊತ್ತಿಲ್ಲ. ಅಹ್ಮದಿಯ ಕೆಲಸ ಬೇರೆಯವರಿಗೆ ಹೋಯಿತು. ನನ್ನ ಇಕಾಮಾದ ಕಥೆ ಈ ತಿಂಗಳ ಕೊನೆಗೆ ತಿಳಿಯುತ್ತದೆ. ಕಳಿಸಿದರೆ ಬರುತ್ತೇನೆ, ತಲೆ ತಗ್ಗಿಸಿಕೊಂಡು ಬರುವುದಿಲ್ಲ.

ಈಗ ನಿನ್ನ ಮಾತು. ಹೋದ ಶುಕ್ರವಾರ ಹೆಸರು ಹೇಳುವ ಸರದಿಯಲ್ಲಿ ನನ್ನ ಆಯಿಯ ಹೆಸರು ಹೇಳಿದೆ, ಅಲ್ಲಿಗೆ ನಿಲ್ಲಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಡಿಪೋ, ದಿಮ್ಮಿ, ಹಾಳೆ, ನಿನ್ನ ಒಂದು ತಾಸು. ಯಾರೂ ಕೆದಕುವಂತಿಲ್ಲ ಎಂಬ ನಿಯಮವನ್ನು ನಮುಸೋಕೆ ಮೊದಲ ಸಲ ಮುರಿದಳು.

‘ಲಾರಿ ಎಲ್ಲಿತ್ತು?’ ಎಂದು ಕೇಳಿದಳು.

ಅಲ್ಲೇ, ಡಿಪೋದಲ್ಲೇ ಅಂದೆ.

‘ಡ್ರೈವರ್?’

ಅವನೂ ಅಲ್ಲೇ ಇದ್ದಿರಬೇಕು ಅಂದೆ.

‘ಮತ್ತೆ ನಿನ್ನ ಮಾವ್ಶಿ ಏನು ತಡ ಮಾಡಿದಳು?’

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಇಪ್ಪತ್ನಾಲ್ಕು ವರ್ಷದಲ್ಲಿ ನಿನಗೂ ಹೊಳೆದಿಲ್ಲ. ಬೇಗ ಒತ್ತಬೇಕಿತ್ತೋ, ಒತ್ತಲೇಬಾರದಿತ್ತೋ ಎಂದು ನೀನು ನಿನ್ನ ಹೆಬ್ಬೆಟ್ಟನ್ನೇ ನೋಡುತ್ತ ಕೂತೆ. ಆ ಗುತ್ತಿಗೆದಾರನೂ ನಿನ್ನಿಂದ ಅದನ್ನೇ ಬಯಸಿದ್ದ.

ಇನ್ನು ‘ನಾನು ತಡ ಮಾಡಿದೆ’ ಎಂದು ಬರೆಯಬೇಡ, ಮಾವ್ಶಿ. ಲಾರಿ ಅಲ್ಲೇ ನಿಂತಿತ್ತು. ಆ ಒಂದು ತಾಸು ಕೀಲಿ ಅವನ ಕಿಸೆಯಲ್ಲಿತ್ತು.

ನಿನ್ನ
ರೆಮೆತಿ